ಕಾಳಿಂಗ ನಾವಡರೂ ನಮ್ಮ ತಲೆಮಾರಿನ ಸಾಲವೂ

ಬೆಂಗಳೂರಿನ ಯಾವುದೇ ಮದುವೆ ಮಂಟಪದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ, ಅರುವತ್ತು ದಾಟಿದ ನಾಲ್ಕು ಮಂದಿ ಒಂದೆಡೆ ಸೇರಿದರೆ ಮಾತು ಮಳೆ, ಬೆಳೆ, ಮಕ್ಕಳ ಉದ್ಯೋಗಗಳನ್ನು ಹಾದು ಕೊನೆಗೆ ಒಂದೇ ಕಡೆಗೆ ಬಂದು ನಿಲ್ಲುತ್ತದೆ. ಯಾವ ಊರಿನ ಯಾವ ಆಟದಲ್ಲಿ ಕಾಳಿಂಗ ನಾವಡರು ಯಾವ ಪದವನ್ನು ಹೇಗೆ ಹೇಳಿದ್ದರು ಎಂಬುದರ ಕುರಿತು ಅಲ್ಲೊಂದು ಪುಟ್ಟ ವ್ಯಾಜ್ಯವೇ ಆರಂಭವಾಗುತ್ತದೆ. ಅವರು ತೀರಿಕೊಂಡು ಮೂರೂವರೆ ದಶಕಗಳಾದವು. ಕೇಳಿದವರಿಗೆ ಆ ರಾತ್ರಿಗಳು ಇನ್ನೂ ನಿನ್ನೆ ಮೊನ್ನೆಯವು. ಇಂತಹ ವ್ಯಾಜ್ಯಗಳಲ್ಲಿ ನಾನೂ ಅನೇಕ ಬಾರಿ ಸಾಕ್ಷಿ ನುಡಿದಿದ್ದೇನೆ. ಆದರೆ ಇತ್ತೀಚೆಗೆ ಅಂತಹ ಮಾತುಕತೆ ಮುಗಿಸಿ ಮನೆಗೆ ಮರಳುವಾಗಲೆಲ್ಲ ಮನಸ್ಸಿನಲ್ಲಿ ಏನೋ ಒಂದು ಅಸಮಾಧಾನ ಉಳಿಯುತ್ತದೆ. ಅದರ ಕಾರಣವನ್ನು ಹುಡುಕುವ ಪ್ರಯತ್ನ ಈ ಲೇಖನ.

ಗುಂಡ್ಮಿ ಕಾಳಿಂಗ ನಾವಡರು ಹುಟ್ಟಿದ್ದು 1958ರಲ್ಲಿ. ಸಾಲಿಗ್ರಾಮದ ಗುರುನರಸಿಂಹ ದೇವಾಲಯದ ಆಸುಪಾಸಿನ ಗುಂಡ್ಮಿ ಇಂದು ಬ್ರಹ್ಮಾವರ ತಾಲ್ಲೂಕಿಗೆ ಸೇರಿದೆ. ಅಂದು ಅದು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಹೀಗಾಗಿ ತಾಳದ ಸದ್ದು ಆ ಮನೆಗೆ ಹೊಸದಲ್ಲ. ಮುಂದೆ ಬಡಗುತಿಟ್ಟಿನ ಮಹಾಗುರು ಮಾರ್ವಿ ನಾರ್ಣಪ್ಪ ಉಪ್ಪೂರರ ಶಿಷ್ಯತ್ವ ದೊರೆಯಿತು. ಲಯದ ಬಿಗಿ, ಮಟ್ಟುಗಳ ಖಚಿತ ಜ್ಞಾನ, ರಂಗವನ್ನು ಹಿಡಿದು ನಡೆಸುವ ಅಧಿಕಾರ, ಈ ಮೂರಕ್ಕೂ ಹೆಸರಾದ ಪರಂಪರೆ ಉಪ್ಪೂರರದು. ಸಾಲಿಗ್ರಾಮ ಮೇಳದ ಪ್ರಧಾನ ಭಾಗವತರಾಗಿ ನಾವಡರು ತಮ್ಮ ಹೆಸರನ್ನು ಕರಾವಳಿಯ ಮನೆಮನೆಗೆ ಮುಟ್ಟಿಸಿದರು. 1990ರ ಮೇ 27ರಂದು ರಸ್ತೆ ಅಪಘಾತವೊಂದು ಅವರನ್ನು ಕಸಿದುಕೊಂಡಿತು. ಆಗ ಅವರು 32ರ ಹೊಸ್ತಿಲಲ್ಲಿದ್ದರು. ನಾವು ಅಳಿಯಲಾರದ ಕೀರ್ತಿ ಎಂದು ಕರೆಯುವುದೆಲ್ಲ ಕೆಲವೇ ವರ್ಷಗಳ ದುಡಿಮೆಯ ಫಲ.

ಯಕ್ಷಗಾನದ ಪರಿಚಯ ಅಷ್ಟಾಗಿ ಇಲ್ಲದ ಓದುಗರಿಗೆ ಭಾಗವತನೆಂದರೆ ಹಿನ್ನೆಲೆ ಗಾಯಕ ಎಂದಷ್ಟೇ ತೋರಬಹುದು. ಅದು ಸರಿಯಲ್ಲ. ಭಾಗವತನನ್ನು ಮೊದಲ ವೇಷವೆಂದು ಕರೆಯುವ ರೂಢಿ ಸುಮ್ಮನೆ ಹುಟ್ಟಿದ್ದಲ್ಲ. ಕೈಯಲ್ಲಿ ತಾಳ ಹಿಡಿದು ರಂಗದ ಹಿಂಬದಿಯಲ್ಲಿ ಕುಳಿತ ಅವನು ಪದ ಎತ್ತಿದ ಹೊರತು ಮದ್ದಳೆ, ಚಂಡೆಗಳಿಗೆ ಕೆಲಸವಿಲ್ಲ, ವೇಷಧಾರಿಗೆ ಹೆಜ್ಜೆಯಿಲ್ಲ, ಅರ್ಥಕ್ಕೆ ವಿಷಯವಿಲ್ಲ. ಕ್ರಿಕೆಟ್ ಬಲ್ಲವರಿಗೆ ಹೇಳುವುದಾದರೆ, ಚೆಂಡು ಬೌಲರನ ಕೈಬಿಡುವ ತನಕ ಮೈದಾನದಲ್ಲಿ ಏನೂ ನಡೆಯದು. ಅಮೆರಿಕದವರ ಬೇಸ್‌ಬಾಲ್ ಆಟದಲ್ಲೂ ಚೆಂಡೆಸೆಯುವವನ ಸ್ಥಾನ ಅಂಥದ್ದೇ ಎನ್ನುತ್ತಾರೆ. ಯಾವ ಪದವನ್ನು ಎಷ್ಟು ಬೆಳೆಸಬೇಕು, ಎಲ್ಲಿ ಮೊಟಕುಗೊಳಿಸಬೇಕು, ದಣಿದ ಕಲಾವಿದನಿಗೆ ಎಲ್ಲಿ ಉಸಿರಾಡಲು ಬಿಡಬೇಕು, ಮಾತು ಹಾದಿ ತಪ್ಪಿದಾಗ ಯಾವ ಪದ ಎತ್ತಿ ಕಥೆಯನ್ನು ಮರಳಿ ದಾರಿಗೆ ತರಬೇಕು ಎಂಬ ನಿರ್ಧಾರಗಳೆಲ್ಲ ಅವನವು. ಅವೂ ಕ್ಷಣಾರ್ಧದಲ್ಲಿ ಆಗಬೇಕಾದವು. ಇಂತಹ ಸ್ಥಾನದಲ್ಲಿ ಇಪ್ಪತ್ತರ ಹರೆಯದ ತರುಣನೊಬ್ಬ ಕುಳಿತು, ತನಗಿಂತ ಹಿರಿಯರಾದ ವೇಷಧಾರಿಗಳನ್ನು ಕುಣಿಸಿದ ಎಂಬುದೇ ಅಂದು ಸೋಜಿಗದ ಸಂಗತಿಯಾಗಿತ್ತು.

ನಾನು ನಾವಡರನ್ನು ಮನಸ್ಸಿಟ್ಟು ಕೇಳಿದ್ದು ಎಂಬತ್ತರ ದಶಕದ ಆರಂಭದಲ್ಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದ ನಾನು ಬೇಸಿಗೆ ರಜೆಗೆ ಬೈಂದೂರು ಕಡೆಯ ನಮ್ಮ ಹಳ್ಳಿಗೆ ಬಂದಿದ್ದೆ. ಕುಂದಾಪುರದ ನೆಹರೂ ಮೈದಾನದಲ್ಲಿ ಸಾಲಿಗ್ರಾಮ ಮೇಳದ ಡೇರೆ ಎದ್ದಿತ್ತು. ನಾಲ್ವರು ಗೆಳೆಯರು ಕೊನೆಯ ಬಸ್ಸು ಹಿಡಿದು ಹೋಗಿ ನೆಲದ ಟಿಕೆಟು ಕೊಂಡು ಕುಳಿತೆವು. ಮಧ್ಯರಾತ್ರಿಯ ಸುಮಾರಿಗೆ ಪ್ರಧಾನ ಭಾಗವತರು ರಂಗಕ್ಕೆ ಬರುವ ಹೊತ್ತಿಗೆ ಡೇರೆಯ ಹೊರಗೆ ಚಹಾ, ನೆಲಗಡಲೆಯ ಅಂಗಡಿಗಳ ಮುಂದೆ ನಿಂತಿದ್ದವರೆಲ್ಲ ಒಳಗೆ ಬಂದು ತಂತಮ್ಮ ಜಾಗ ಹಿಡಿದರು. ಮೊದಲ ಪದಕ್ಕೇ ನನಗೆ ಅರಿವಾದದ್ದು ಇಷ್ಟು: ಧ್ವನಿ ಎಷ್ಟು ಎತ್ತರಕ್ಕೆ ಏರಿದರೂ ಒಂದು ಅಕ್ಷರವೂ ಮಸುಕಾಗುತ್ತಿರಲಿಲ್ಲ. ಸಾಹಿತ್ಯ ಅರ್ಥವಾಗುತ್ತಿತ್ತು. ಅಲ್ಲಿಯವರೆಗೆ ಯಕ್ಷಗಾನದ ಪದವನ್ನು ನಾನು ಕುಣಿತದ ಪೂರ್ವಭಾವಿ ಎಂದು ಭಾವಿಸಿದ್ದೆ. ಅಂದು ಪದವೇ ಆಟವಾಯಿತು. ಕರುಣ ರಸದ ಒಂದು ಪದಕ್ಕೆ ನನ್ನ ಪಕ್ಕದಲ್ಲಿದ್ದ ಮೀನುಗಾರರೊಬ್ಬರು ಬೈರಾಸಿನಿಂದ ಕಣ್ಣೊರೆಸಿಕೊಂಡದ್ದನ್ನು ಕಂಡೆ. ನನ್ನ ಕಣ್ಣು ಅವರಿಗೆ ಕಾಣದಿರಲೆಂದು ಮುಖ ತಿರುಗಿಸಿದೆ.

ಬೆಳಿಗ್ಗೆ ಮನೆಗೆ ಬಂದಾಗ ಅಪ್ಪಯ್ಯ ಚಾವಡಿಯಲ್ಲಿ ಕುಳಿತಿದ್ದರು. ಪ್ರಾಥಮಿಕ ಶಾಲೆಯ ನಿವೃತ್ತ ಮಾಸ್ತರರಾದ ಅವರು ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆಯ ಬಯಲಾಟಗಳನ್ನು ಎಣ್ಣೆ ದೀವಟಿಗೆಗಳ ಕಾಲದಿಂದ ನೋಡಿದವರು. ಹಾರಾಡಿ, ಮಟಪಾಡಿ ತಿಟ್ಟುಗಳ ವ್ಯತ್ಯಾಸವನ್ನು ಹೆಜ್ಜೆ ನೋಡಿ ಹೇಳಬಲ್ಲವರು. ಹಾರಾಡಿ ರಾಮ ಗಾಣಿಗರ ಒಡ್ಡೋಲಗ ಕಂಡ ಕಣ್ಣಿಗೆ ಉಳಿದದ್ದೆಲ್ಲ ಸಪ್ಪೆ ಎಂಬುದು ಅವರ ನಿಲುವು. ಉಪ್ಪೂರರ ತಾಳಕ್ಕೆ ಅವರು ತಲೆಬಾಗುತ್ತಿದ್ದರು. ಉಪ್ಪೂರರ ಶಿಷ್ಯನ ರಾಗಾಲಾಪನೆಗೆ ಮಾತ್ರ ಅವರ ಒಪ್ಪಿಗೆ ಇರಲಿಲ್ಲ. ಪದದ ಒಂದು ಸಾಲನ್ನು ಹತ್ತು ಬಗೆಯಲ್ಲಿ ಎಳೆದರೆ ಕುಣಿಯುವವನು ಏನು ಮಾಡಬೇಕು, ಮಟ್ಟು ಎಲ್ಲಿ ಹೋಯಿತು, ಇದು ಸಂಗೀತ ಕಛೇರಿಯೋ ಆಟವೋ ಎಂಬುದು ಅವರ ಆಕ್ಷೇಪ. ನಾನು ವಾದಿಸಿದೆ. ಆ ಬೇಸಿಗೆಯಲ್ಲಿ ಆರಂಭವಾದ ವಾದ ಮುಂದಿನ ಹಲವು ವರ್ಷಗಳ ಕಾಲ, ನಾನು ರಜೆಗೆ ಊರಿಗೆ ಬಂದಾಗಲೆಲ್ಲ, ನಿಂತಲ್ಲಿಂದ ಮುಂದುವರಿಯುತ್ತಿತ್ತು.

ಅಪ್ಪಯ್ಯನ ಆಕ್ಷೇಪಗಳು ಅವರೊಬ್ಬರವೇ ಆಗಿರಲಿಲ್ಲ. ಅಂದಿನ ವಿದ್ವಾಂಸರ ವಲಯದಲ್ಲಿ ನಾವಡರ ಬಗ್ಗೆ ಎರಡು ದೂರುಗಳಿದ್ದವು. ಯಕ್ಷಗಾನದ ವೇದಿಕೆಯಲ್ಲಿ ಅಷ್ಟಾಗಿ ಕೇಳಿರದ ರಾಗಗಳನ್ನು ತಂದು ಅದರ ಗಾನಕ್ರಮವನ್ನು ಸಡಿಲಿಸಿದರು ಎಂಬುದು ಮೊದಲನೆಯದು. ರಾಮಾಯಣ, ಮಹಾಭಾರತ, ಭಾಗವತದ ಕಥೆಗಳ ಜಾಗಕ್ಕೆ ಕಲ್ಪಿತ ಕಥೆಗಳನ್ನು ತಂದರು ಎಂಬುದು ಎರಡನೆಯದು. ನಾವಡರು ಸ್ವತಃ ಪ್ರಸಂಗಕರ್ತರು. ‘ನಾಗಶ್ರೀ’, ‘ಚೆಲುವೆ ಚಿತ್ರಾವತಿ’ ಮೊದಲಾದ ಅವರ ಪ್ರಸಂಗಗಳು ಡೇರೆಗಳನ್ನು ತುಂಬಿಸಿದವು. ಪದ ರಚಿಸಿದವನೇ ಅದನ್ನು ಹಾಡುವಾಗ ಯಾವ ಅಕ್ಷರದ ಮೇಲೆ ಎಷ್ಟು ನಿಲ್ಲಬೇಕೆಂಬ ತಿಳಿವಳಿಕೆ ಅವನಿಗೆ ಇದ್ದೇ ಇರುತ್ತದೆ. ಜನಪ್ರಿಯತೆಯ ಒಂದು ಗುಟ್ಟು ಇದೂ ಇರಬಹುದು.

ಈ ದೂರುಗಳನ್ನು ತೂಗಿ ನೋಡುವಾಗ ಎರಡು ಸಂಗತಿಗಳನ್ನು ಮರೆಯಬಾರದು. ಗುಂಡ್ಮಿಯಿಂದ ಕೆಲವೇ ಕಿಲೋಮೀಟರು ದೂರದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಯಕ್ಷಗಾನದ ಶಾಸ್ತ್ರೀಯ ಅಧ್ಯಯನಕ್ಕೆ ಬುನಾದಿ ಹಾಕಿದವರು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರೇ ತಮ್ಮ ಬ್ಯಾಲೆ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೊಫೋನುಗಳನ್ನು ಬಳಸಿದರು, ಮಾತನ್ನು ಕೈಬಿಟ್ಟರು. ಬದಲಾವಣೆ ಮೇಲಿನಿಂದ, ವಿದ್ವಾಂಸನಿಂದ ಬಂದರೆ ಪ್ರಯೋಗವೆನಿಸಿಕೊಳ್ಳುತ್ತದೆ. ಕೆಳಗಿನಿಂದ, ಟಿಕೆಟು ಕೊಂಡವರ ಚಪ್ಪಾಳೆಯಿಂದ ಬಂದರೆ ಅಪಚಾರವೆನಿಸಿಕೊಳ್ಳುತ್ತದೆ. ಇನ್ನು, ಇದೇ ನೆಲದಿಂದ ಬಂದ ಇನ್ನೊಬ್ಬ ಕಾಳಿಂಗ, ಪಾಂಡೇಶ್ವರ ಕಾಳಿಂಗರಾಯರು ಕವಿಗಳ ಭಾವಗೀತೆಗಳನ್ನು ಪುಸ್ತಕದಿಂದ ಎತ್ತಿ ಜನರ ನಾಲಗೆಗೆ ತಂದವರು. ಕಾವ್ಯವನ್ನು ಅರ್ಥವಾಗುವಂತೆ ಹಾಡಿ ಸಾಮಾನ್ಯರಿಗೆ ಮುಟ್ಟಿಸುವ ಆ ಕೆಲಸವನ್ನೇ ನಾವಡರು ಆಟದ ಡೇರೆಯೊಳಗೆ ಮಾಡಿದರು ಎಂದು ನನಗೆ ತೋರುತ್ತದೆ.

ಎರಡನೆಯ ಸಂಗತಿ ನಾನು ಓದಿದ ಶಾಸ್ತ್ರಕ್ಕೆ ಸಂಬಂಧಿಸಿದ್ದು. ಹರಕೆಯ ಮೇಳಕ್ಕೂ ಡೇರೆ ಮೇಳಕ್ಕೂ ಇರುವ ಅಂತರ ಮೂಲತಃ ಆರ್ಥಿಕವಾದುದು. ಮಂದಾರ್ತಿಯಂತಹ ಕ್ಷೇತ್ರದ ಆಟಗಳನ್ನು ಭಕ್ತರು ವರ್ಷಗಟ್ಟಲೆ ಮೊದಲೇ ಗೊತ್ತುಪಡಿಸಿರುತ್ತಾರೆ. ಪ್ರೇಕ್ಷಕ ಒಬ್ಬನೂ ಬಾರದಿದ್ದರೂ ದೇವಿ ನೋಡುತ್ತಾಳೆ, ಆಟ ನಡೆಯುತ್ತದೆ. ಡೇರೆ ಮೇಳಕ್ಕೆ ಆ ಭದ್ರತೆಯಿಲ್ಲ. ನಲವತ್ತರ ಆಸುಪಾಸಿನ ಜನ, ಡೇರೆ, ಲಾರಿ, ದೀಪ, ಊಟ ಇವುಗಳ ಖರ್ಚು ಪ್ರತಿ ರಾತ್ರಿಯೂ ಗಲ್ಲಾಪೆಟ್ಟಿಗೆಯಿಂದಲೇ ಹುಟ್ಟಬೇಕು. ಕಳೆದ ವರ್ಷ ನೋಡಿದ ಕಥೆಗೆ ಮತ್ತೆ ಹಣ ತೆರುವವರು ಕಡಿಮೆಯಾದ್ದರಿಂದ ವರ್ಷಕ್ಕೊಂದು ಹೊಸ ಪ್ರಸಂಗ ಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಬಾಮೋಲ್ ಮತ್ತು ಬೋವೆನ್ 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರದರ್ಶನ ಕಲೆಗಳ ಈ ಸಂಕಟವನ್ನು ವಿವರಿಸಿದ್ದಾರೆ: ಕಾರ್ಖಾನೆಯಲ್ಲಿ ಕಡಿಮೆ ಆಳುಗಳಿಂದ ಹೆಚ್ಚು ಸರಕು ತೆಗೆಯಬಹುದು, ಆದರೆ ರಂಗದ ಮೇಲೆ ಅಷ್ಟೇ ಮಂದಿ ಅಷ್ಟೇ ಹೊತ್ತು ದುಡಿಯಲೇಬೇಕು. ಆದ್ದರಿಂದ ವೆಚ್ಚ ಏರುತ್ತಲೇ ಹೋಗುತ್ತದೆ. 1981ರಲ್ಲಿ ಶರ್ವಿನ್ ರೋಸೆನ್ ಇನ್ನೊಂದು ಮಾತನ್ನು ಸೇರಿಸಿದರು: ಒಬ್ಬನ ಪ್ರತಿಭೆಯನ್ನು ಏಕಕಾಲಕ್ಕೆ ಬಹಳ ಮಂದಿಗೆ ತಲುಪಿಸುವ ತಂತ್ರಜ್ಞಾನ ಬಂದಾಗ, ಅತ್ಯುತ್ತಮನಿಗೂ ಅವನ ನಂತರದವನಿಗೂ ಇರುವ ಸಣ್ಣ ಅಂತರ ಸಂಪಾದನೆಯಲ್ಲಿ, ಕೀರ್ತಿಯಲ್ಲಿ ಬಹುದೊಡ್ಡದಾಗುತ್ತದೆ. ಎಂಬತ್ತರ ದಶಕದಲ್ಲಿ ಧ್ವನಿವರ್ಧಕದ ಜೊತೆಗೆ ಕ್ಯಾಸೆಟ್ಟೂ ಸೇರಿ ನಮ್ಮ ಕರಾವಳಿಯಲ್ಲಿ ಇದನ್ನೇ ಮಾಡಿದವು. ಆಟಕ್ಕೆ ಹೋಗಲಾರದ ಹೆಂಗಸರು, ಮುಂಬಯಿ, ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ನಾವಡರನ್ನು ಕ್ಯಾಸೆಟ್ಟಿನಲ್ಲಿ ಕೇಳಿದರು. ಯಕ್ಷಗಾನಕ್ಕೆ ಅದರ ಮೊದಲ ತಾರಾ ಭಾಗವತ ದೊರೆತದ್ದು ಹೀಗೆ.

ತಾರೆಯೆಂಬ ಪಟ್ಟದ ಭಾರವನ್ನು ಹೊತ್ತದ್ದು ಮಾತ್ರ ಒಂದು ಗಂಟಲು. ನವೆಂಬರಿನಿಂದ ಮೇ ತನಕ, ಪತ್ತನಾಜೆಯ ಹೊತ್ತಿಗೆ ತಿರುಗಾಟ ಮುಗಿಯುವವರೆಗೆ, ರಾತ್ರಿಯೆಲ್ಲ ಹಾಡು, ಹಗಲು ಪ್ರಯಾಣ, ಅರೆನಿದ್ದೆ. ನಾವು ಪ್ರೇಕ್ಷಕರು ವರ್ಷಕ್ಕೆ ಐದಾರು ಆಟ ನೋಡಿ ಎರಡು ದಿನ ನಿದ್ದೆ ಮಾಡಿ ಸುಧಾರಿಸಿಕೊಳ್ಳುತ್ತಿದ್ದೆವು. ಅವರಿಗೆ ಆ ಸೌಕರ್ಯವಿರಲಿಲ್ಲ. ನಾವಡರು ಇನ್ನೊಂದು ಪದ ಹೇಳಲಿ, ಇನ್ನಷ್ಟು ಏರಿಸಲಿ ಎಂದು ಚಪ್ಪಾಳೆ ತಟ್ಟಿದ ಕೈಗಳಲ್ಲಿ ನನ್ನವೂ ಇದ್ದವು.

1990ರ ಮೇ ತಿಂಗಳಲ್ಲಿ ನಾನು ಸರ್ಕಾರಿ ಸೇವೆಯ ಮೇಲೆ ರಾಜ್ಯದ ಉತ್ತರದ ಅಂಚಿನ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೆ. ಕರಾವಳಿಯ ಪತ್ರಿಕೆ ಅಲ್ಲಿಗೆ ಅಂಚೆಯಲ್ಲಿ ಎರಡು ಮೂರು ದಿನ ತಡವಾಗಿ ಬರುತ್ತಿತ್ತು. ಕಛೇರಿಯಲ್ಲಿ ಕಡತಗಳ ನಡುವೆ ಅದನ್ನು ಬಿಡಿಸಿದಾಗ ಸುದ್ದಿ ಕಂಡಿತು. ಹಂಚಿಕೊಳ್ಳಲು ಸುತ್ತಮುತ್ತ ಆ ಹೆಸರು ಬಲ್ಲವರು ಒಬ್ಬರೂ ಇರಲಿಲ್ಲ. ಜವಾನ ಚಹಾ ತಂದಿಟ್ಟು, ಊರಿನಲ್ಲಿ ಯಾರಾದರೂ ತೀರಿಕೊಂಡರೇ ಎಂದು ವಿಚಾರಿಸಿದ. ಹೌದೆಂದೆ. ಸಂಬಂಧ ಏನೆಂದು ಅವನು ಮತ್ತೆ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಒಮ್ಮೆಯೂ ಮಾತನಾಡಿಸದ, ಹತ್ತಿರದಿಂದ ಕಾಣದ ಒಬ್ಬ ವ್ಯಕ್ತಿಗಾಗಿ ಇಷ್ಟು ದುಃಖವಾಗುವುದು ಯಾವ ಬಗೆಯ ನಂಟು ಎಂಬುದು ಈ ಹೊತ್ತಿಗೂ ನನಗೆ ಸ್ಪಷ್ಟವಿಲ್ಲ.

ಆ ಮಳೆಗಾಲ ಊರಿಗೆ ಹೋದಾಗ ಅಪ್ಪಯ್ಯನೇ ವಿಷಯ ತೆಗೆದರು. ತಮ್ಮ ಅಭಿಪ್ರಾಯವನ್ನು ಅವರು ಬದಲಿಸಿರಲಿಲ್ಲ. ಸಾವು ಯಾರ ಆಲಾಪನೆಯನ್ನೂ ಶಾಸ್ತ್ರಬದ್ಧಗೊಳಿಸುವುದಿಲ್ಲ ಎಂಬಂತೆ ಹಳೆಯ ಆಕ್ಷೇಪಗಳನ್ನೆಲ್ಲ ಮತ್ತೊಮ್ಮೆ ಪಟ್ಟಿ ಮಾಡಿದರು. ಆದರೆ ಕೊನೆಗೆ ಒಂದು ಮಾತು ಸೇರಿಸಿದರು. ಆ ಹುಡುಗನ ಕಂಠ ಎಲ್ಲಿ ಅಲೆದರೂ ತಾಳ ಮಾತ್ರ ಉಪ್ಪೂರರದ್ದೇ ಆಗಿತ್ತು, ಇನ್ನು ಇಪ್ಪತ್ತು ವರ್ಷ ಬದುಕಿದ್ದರೆ ಅಲೆದಾಟ ಮುಗಿಸಿ ತಾಳದ ಮನೆಗೆ ಮರಳುತ್ತಿದ್ದ ಎಂಬುದು ಅದರ ಸಾರ. ನಾನು ಅಂದು ವಾದಿಸಲಿಲ್ಲ. ಮುಂದಿನ ಮಾಗಿಯೊಳಗೆ ಅಪ್ಪಯ್ಯನೂ ಇಲ್ಲವಾದರು. ಹೀಗಾಗಿ ನಮ್ಮ ವ್ಯಾಜ್ಯ ತೀರ್ಪಿಲ್ಲದೆ ಉಳಿಯಿತು.

ಪೂರ್ವಾರ್ಧದಲ್ಲೇ ತೀರಿಹೋದ ಕಲಾವಿದನ ಸಮಸ್ಯೆ ಇದು. ಅವನು ಏನಾಗಬಹುದಿತ್ತು ಎಂಬುದನ್ನು ಪ್ರತಿಯೊಬ್ಬನೂ ತನಗೆ ಬೇಕಾದಂತೆ ಬರೆದುಕೊಳ್ಳಬಹುದು. ಮುಪ್ಪು, ಗಂಟಲು ಸೋಲುವುದು, ಹೊಸಬರೆದುರು ಹಿಂದೆ ಬೀಳುವುದು ಇವಾವುವೂ ನಾವಡರ ಪಾಲಿಗೆ ಬರಲಿಲ್ಲ. ಗೌರವದ ಕಾಲವೂ ಬರಲಿಲ್ಲ. ಯಕ್ಷಗಾನಕ್ಕೆ ಮೊದಲ ಪದ್ಮಶ್ರೀ ದೊರೆತದ್ದು 2012ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ, ಅವರು ಎಂಬತ್ತರ ಸಮೀಪದಲ್ಲಿದ್ದಾಗ. ನಮ್ಮ ಪದ್ಧತಿಯಲ್ಲಿ ಮನ್ನಣೆ ಬರಬೇಕಾದರೆ ಕಲಾವಿದ ಮೊದಲು ದೀರ್ಘಾಯುಷಿಯಾಗಿರಬೇಕು.

ನನ್ನ ಅಸಮಾಧಾನದ ಮೂಲ ಇಲ್ಲಿದೆ ಎಂದು ಈಗ ಅನಿಸುತ್ತದೆ. ನಾವು, ಅವರ ಅಭಿಮಾನಿಗಳು, ನೆನಪನ್ನು ಅಳತೆಗೋಲು ಮಾಡಿಕೊಂಡೆವು. 1990ರ ಬಳಿಕ ರಂಗಕ್ಕೆ ಬಂದ ಪ್ರತಿಯೊಬ್ಬ ಭಾಗವತನನ್ನೂ ನಾವಡರೊಂದಿಗೆ ತೂಗಿದೆವು. ಅವರಂತೆ ಹಾಡಿದವನನ್ನು ಅನುಕರಣೆ ಎಂದೆವು, ಹಾಡದವನನ್ನು ನೀರಸ ಎಂದೆವು. 2024ರ ಏಪ್ರಿಲಿನಲ್ಲಿ ನಮ್ಮನ್ನಗಲಿದ ಸುಬ್ರಹ್ಮಣ್ಯ ಧಾರೇಶ್ವರರು ಉಪ್ಪೂರರ ಇನ್ನೊಬ್ಬ ಶಿಷ್ಯ. ಪೆರ್ಡೂರು ಮೇಳದಲ್ಲಿ ದಶಕಗಳ ಕಾಲ ತಮ್ಮದೇ ಇಂಪಿನಿಂದ ಹೆಸರು ಮಾಡಿದ ಆ ಹಿರಿಯರನ್ನು ಕೇಳುವಾಗಲೂ ನಾವಡರು ಇದ್ದಿದ್ದರೆ ಎಂದು ನಿಟ್ಟುಸಿರಿಟ್ಟ ನಮ್ಮಂಥವರು ಇದ್ದರು. ಈಚೆಗೆ ತರುಣ ಭಾಗವತರೊಬ್ಬರ ಪದ ಕೇಳುತ್ತ, ಇದೇನು ಚಲನಚಿತ್ರ ಗೀತೆಯೋ ಎಂದು ಪಕ್ಕದವರೊಡನೆ ಗೊಣಗಿದೆ. ಗೊಣಗಿದ ಮರುಕ್ಷಣವೇ ಬೆಚ್ಚಿದೆ. ಅದು ನನ್ನ ಧ್ವನಿಯಾಗಿರಲಿಲ್ಲ, ನಲವತ್ತು ವರ್ಷಗಳ ಹಿಂದೆ ಚಾವಡಿಯಲ್ಲಿ ಕುಳಿತ ಅಪ್ಪಯ್ಯನದಾಗಿತ್ತು. ಒಂದು ವ್ಯತ್ಯಾಸ ಮಾತ್ರ ಇತ್ತು. ಅವರ ಆಕ್ಷೇಪದ ಹಿಂದೆ ಹೆಜ್ಜೆ, ಮಟ್ಟು, ತಾಳಗಳ ಜ್ಞಾನವಿತ್ತು. ನನ್ನದರ ಹಿಂದೆ ಇದ್ದದ್ದು ನನ್ನ ಯೌವನದ ನೆನಪು.

ಇನ್ನೊಂದು ಸಾಲವೂ ಇದೆ. ನಾವಡರನ್ನು ನಮ್ಮಿಂದ ಕಸಿದದ್ದು ರೋಗವಲ್ಲ, ರಸ್ತೆ. ಅವರ ಬಳಿಕವೂ ಹಲವು ಕಲಾವಿದರು ರಸ್ತೆ ಅಪಘಾತಗಳಿಗೆ ಬಲಿಯಾಗಿದ್ದಾರೆ. ಇಂದು ಅನೇಕ ಕಡೆ ಇಡೀ ರಾತ್ರಿಯ ಆಟಗಳು ಕಾಲಮಿತಿಗೆ ಒಳಪಟ್ಟು ಮಧ್ಯರಾತ್ರಿಗೆ ಮುಗಿಯುತ್ತವೆ. ಬಣ್ಣ ತೊಳೆದ ಕಲಾವಿದ ಅದೇ ಹೊತ್ತಿನಲ್ಲಿ ದ್ವಿಚಕ್ರ ವಾಹನವೇರಿ ಹತ್ತಾರು ಮೈಲಿ ದೂರದ ಮನೆಗೆ ಹೊರಡುತ್ತಾನೆ. ದಣಿದ ದೇಹ, ನಿದ್ದೆಗೆಟ್ಟ ಕಣ್ಣು, ಹೆದ್ದಾರಿಯ ಲಾರಿಗಳು. ಉಡುಪಿಯ ಯಕ್ಷಗಾನ ಕಲಾರಂಗವು ಕಲಾವಿದರ ಕ್ಷೇಮನಿಧಿಯನ್ನು ಕಟ್ಟಿ, ಮನೆಯಿಲ್ಲದವರಿಗೆ ಮನೆ ನಿರ್ಮಿಸಿಕೊಟ್ಟು ಮಾದರಿಯಾಗಿದೆ. ಒಂದು ಸಂಸ್ಥೆ ಎಷ್ಟೆಂದು ಹೊತ್ತೀತು? ಆಟಕ್ಕೆ ಹಣ ಕೊಡುವವರು, ಆಡಿಸುವವರು ದೀಪಾಲಂಕಾರಕ್ಕೆ, ಭೋಜನಕ್ಕೆ ಲೆಕ್ಕವಿಡುವಂತೆಯೇ ಕಲಾವಿದನ ವಿಮೆಗೂ, ಅವನು ಸುರಕ್ಷಿತವಾಗಿ ಮನೆ ಸೇರುವ ವಾಹನಕ್ಕೂ ಲೆಕ್ಕದಲ್ಲಿ ಒಂದು ಕಲಮನ್ನು ಸೇರಿಸುವುದು ಕಷ್ಟವಲ್ಲ. ಮೂರು ದಶಕ ಆಯವ್ಯಯದ ಪಟ್ಟಿಗಳನ್ನು ನೋಡಿದ ಅನುಭವದಿಂದ ಹೇಳುತ್ತೇನೆ, ಅದು ಒಟ್ಟು ಖರ್ಚಿನಲ್ಲಿ ಎದ್ದು ಕಾಣುವ ಮೊತ್ತವೇ ಆಗಲಾರದು.

ಬೆಂಗಳೂರಿನಲ್ಲಿ ನಾವಡರ ಹೆಸರಿನ ಪ್ರಶಸ್ತಿ ಕೊಡುತ್ತಾರೆ. ಅವರ ಪದಗಳು ಈಗ ಪ್ರತಿಯೊಬ್ಬರ ಕೈಯ ಮೊಬೈಲಿನಲ್ಲಿವೆ. ಹಳೆಯ ಕ್ಯಾಸೆಟ್ಟಿನ ಸರಸರ ಸದ್ದಿನ ಹಿಂದಿನಿಂದ ಆ ಕಂಠ ಏರಿ ಬಂದಾಗ ಮೈ ನವಿರೇಳುವುದು ನಿಂತಿಲ್ಲ. ಅದು ನಿಲ್ಲಬೇಕಾಗಿಯೂ ಇಲ್ಲ. ಆದರೆ ಈ ಬಾರಿ ತಿರುಗಾಟ ಆರಂಭವಾದಾಗ ಊರಿಗೆ ಹೋಗಿ, ಯಾರಿಗೂ ಹೋಲಿಸದೆ, ಇಪ್ಪತ್ತೈದರ ಹರೆಯದ ಒಬ್ಬ ಭಾಗವತನನ್ನು ಮಂಗಳದ ತನಕ ಕೂತು ಕೇಳಬೇಕೆಂದಿದ್ದೇನೆ. ಮುಗಿದ ಮೇಲೆ ಚೌಕಿಗೆ ಹೋಗಿ, ಮನೆಗೆ ಹೇಗೆ ಹೋಗುತ್ತೀರಿ ಎಂದು ಅವರನ್ನು ವಿಚಾರಿಸಬೇಕು. ನೆಹರೂ ಮೈದಾನದಲ್ಲಿ ಅಂದು ಬೆಳಗಿನ ಬಸ್ಸು ಹಿಡಿಯುವ ಆತುರದಲ್ಲಿ ನಾವು ಯಾರೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ.